ಕಣಿವೆಯ ಬಾಗಿಲು

ಸಮಾರಾಧನೆಯ ದಿನ ಊರಿಗೆ ಊರೇ ನೆರೆದಿದ್ದರೂ ಪಡಸಾಲೆಯಲ್ಲಿ ಹಾಕಬಹುದಾದ ಎಲೆಗಳಿಗೆ ಒಂದು ಲೆಕ್ಕವಿದೆ. ಐವತ್ತು ಎಲೆಯ ಜಾಗದಲ್ಲಿ ನೂರು ಜನರನ್ನು ಕೂರಿಸಿದರೆ ಬಡಿಸುವವನಿಗೆ ಕಾಲಿಡಲು ಎಡೆಯಿಲ್ಲ, ಉಣ್ಣುವವನಿಗೆ ಸುಖವಿಲ್ಲ. ಆದುದರಿಂದಲೇ ನಮ್ಮ ಹಿರಿಯರು ಪಂಕ್ತಿ ಎಂಬ ವ್ಯವಸ್ಥೆಯನ್ನು ಕಂಡುಕೊಂಡರು. ಮೊದಲ ಪಂಕ್ತಿ ಎದ್ದ ಮೇಲೆ ಎರಡನೆಯದು, ಅದಾದ ಮೇಲೆ ಮೂರನೆಯದು. ವ್ಯವಸ್ಥೆ ಸರಳವಾದದ್ದು. ಆದರೆ ಮೊದಲ ಪಂಕ್ತಿಯಲ್ಲಿ ಯಾರು ಕೂರಬೇಕು ಎಂಬ ಪ್ರಶ್ನೆ ಎದ್ದಕೂಡಲೇ ಅದು ಸರಳವಾಗಿ ಉಳಿಯುವುದಿಲ್ಲ ಎಂಬುದನ್ನೂ ನಾವು ಬಲ್ಲೆವು. ಎಷ್ಟು ಜನ ಎಂಬುದು ಜಾಗದ ಪ್ರಶ್ನೆ. ಯಾರು ಮೊದಲು ಎಂಬುದು ನ್ಯಾಯದ ಪ್ರಶ್ನೆ.

ಈ ಎರಡು ಪ್ರಶ್ನೆಗಳು ಇಂದು ಜಗತ್ತಿನ ಹೆಸರಾಂತ ರಾಷ್ಟ್ರೀಯ ಉದ್ಯಾನಗಳ ಬಾಗಿಲಲ್ಲಿ ನಿಂತಿವೆ. ನೋಡಬಂದವರ ಸಂದಣಿಯನ್ನು ತಾಳಲಾರದೆ ಹಲವು ಉದ್ಯಾನಗಳು, ಬರುವ ದಿನವನ್ನೂ ಹೊತ್ತನ್ನೂ ಮೊದಲೇ ಗೊತ್ತುಮಾಡಿಕೊಂಡು, ಅದಕ್ಕೆ ಚೀಟಿ ಪಡೆದು ಬರಬೇಕೆಂಬ ಕಟ್ಟಳೆಯನ್ನು ತಂದಿವೆ. ಮೇಲುನೋಟಕ್ಕೆ ಇದು ಕಂಪ್ಯೂಟರ್ ಯುಗದ ಹೊಸ ಸೃಷ್ಟಿಯೆಂದು ತೋರುತ್ತದೆ. ಆದರೆ ಇತಿಹಾಸವನ್ನು ತೆರೆದು ನೋಡಿದರೆ, ನೂರೈವತ್ತು ವರ್ಷಗಳಿಗೂ ಮಿಕ್ಕಿದ ಒಂದು ದೀರ್ಘ ವಾದದ ತೀರ ಈಚಿನ ಅಧ್ಯಾಯ ಇದು ಎಂಬುದು ಮನದಟ್ಟಾಗುತ್ತದೆ. ಆ ವಾದ ಮೊದಲುಗೊಂಡ ಸ್ಥಳದಲ್ಲಿಯೇ ಅದನ್ನು ಹಿಂಬಾಲಿಸುವುದು ಉಚಿತ. ಆ ಸ್ಥಳ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಯೊಸೆಮಿಟಿ ಕಣಿವೆ.

ಸಿಯೆರ್ರಾ ನೆವಾಡ ಪರ್ವತಶ್ರೇಣಿಯ ಪಡುವಣ ಇಳಿಜಾರಿನಲ್ಲಿ ಹಿಮನದಿಗಳು ಕೊರೆದ ಕಣಿವೆ ಅದು. ಉದ್ದ ಸುಮಾರು 7 ಮೈಲಿ. ಅಗಲ ಒಂದು ಮೈಲಿಗಿಂತ ಹೆಚ್ಚಿಲ್ಲ. ನಡುವೆ ಮರ್ಸೆಡ್ ನದಿ ಹುಲ್ಲುಗಾವಲುಗಳನ್ನು ಬಳಸಿಕೊಂಡು ಹರಿಯುತ್ತದೆ. ಎರಡೂ ಕಡೆ ಗ್ರಾನೈಟ್ ಶಿಲೆಯ ಗೋಡೆಗಳು. ಎಲ್ ಕ್ಯಾಪಿಟನ್ ಎಂಬ ಒಂದೇ ಬಂಡೆ ನೆಲದಿಂದ ಸುಮಾರು 3,000 ಅಡಿ ನೆಟ್ಟಗೆ ಎದ್ದು ನಿಂತಿದೆ. ಯೊಸೆಮಿಟಿ ಜಲಪಾತ ಮೂರು ನೆಗೆತಗಳಲ್ಲಿ 2,425 ಅಡಿ ಬೀಳುತ್ತದೆ. ಇಡೀ ಉದ್ಯಾನದ ವಿಸ್ತಾರ ಸುಮಾರು 1,200 ಚದರ ಮೈಲಿ. ಆದರೆ ಬರುವವರಲ್ಲಿ ಬಹುಪಾಲು ಜನ ನೋಡಬಯಸುವುದು ನೂರರಲ್ಲಿ ಒಂದು ಪಾಲಿಗೂ ಕಡಮೆಯಾದ ಈ ಕಣಿವೆಯನ್ನೇ. ಹೊರಗೆ ಕಾಡು ಎಷ್ಟೇ ವಿಶಾಲವಾಗಿದ್ದರೂ ಗರ್ಭಗುಡಿ ಚಿಕ್ಕದು. ಸಮಸ್ಯೆಯ ಬೇರು ಇಲ್ಲಿದೆ.

ಈ ಕಣಿವೆಯಲ್ಲಿ ಮೊದಲು ಜನರಿದ್ದರು. ಅವಾನೀಚಿ ಎಂಬ ಹೆಸರಿನ ಆ ಮೂಲನಿವಾಸಿಗಳು ಓಕ್ ಮರದ ಕಾಯಿಗಳನ್ನು ಕುಟ್ಟಿ ಹಿಟ್ಟುಮಾಡಿ ಉಣ್ಣುತ್ತಿದ್ದರು. ಆಗಾಗ ನೆಲಕ್ಕೆ ಮಿತವಾಗಿ ಬೆಂಕಿ ಕೊಟ್ಟು ಪೊದೆ ಬೆಳೆಯದಂತೆ ನೋಡಿಕೊಳ್ಳುತ್ತಿದ್ದರು. ಹೊರಗಿನವರು ಬಂದು ಬೆರಗಾಗಿ ನೋಡಿದ ತೆರೆದ ಹುಲ್ಲುಗಾವಲುಗಳು ಬಹುಮಟ್ಟಿಗೆ ಈ ಆರೈಕೆಯ ಫಲ. 1848ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿನ್ನ ಸಿಕ್ಕಿತು, ಜನ ನುಗ್ಗಿದರು. 1851ರ ಮಾರ್ಚ್ ತಿಂಗಳಲ್ಲಿ ಮಾರಿಪೋಸ ದಳವೆಂಬ ಸಶಸ್ತ್ರ ಪಡೆ, ತೆನಾಯ ಎಂಬ ನಾಯಕನನ್ನೂ ಅವನ ಜನರನ್ನೂ ಹಿಡಿದೊಯ್ಯಲು ಕಣಿವೆಯೊಳಕ್ಕೆ ಬಂದಿತು. ಅವರ ವಸತಿಗಳನ್ನೂ ಕೂಡಿಟ್ಟ ಆಹಾರವನ್ನೂ ಸುಟ್ಟಿತು. ಆ ಕಣಿವೆಯ ಚೆಲುವು ಹೊರಲೋಕಕ್ಕೆ ತಿಳಿದದ್ದು ಈ ದಂಡಯಾತ್ರೆಯ ಮೂಲಕ. ನಾಲ್ಕೇ ವರ್ಷಗಳಲ್ಲಿ, 1855ರಲ್ಲಿ, ಮೊದಲ ಪ್ರವಾಸಿಗಳ ತಂಡ ಅಲ್ಲಿಗೆ ಬಂದಿತು. ಒಳಗಿದ್ದವರು ಹೊರಗಾದ ಮೇಲೆ ಹೊರಗಿನವರಿಗೆ ಬಾಗಿಲು ತೆರೆಯಿತು. ಮುಂದಿನ ಕಥೆಯನ್ನೆಲ್ಲ ಕೇಳುವಾಗ ಇದು ನಮ್ಮ ನೆನಪಿನಲ್ಲಿರಬೇಕು.

1864ರ ಜೂನ್ 30ರಂದು, ಅಂತರ್ಯುದ್ಧದ ಬೇಗೆ ಇನ್ನೂ ಆರದಿದ್ದಾಗ, ಅಧ್ಯಕ್ಷ ಅಬ್ರಹಾಂ ಲಿಂಕನ್ ಒಂದು ಶಾಸನಕ್ಕೆ ಸಹಿ ಹಾಕಿದರು. ಯೊಸೆಮಿಟಿ ಕಣಿವೆಯನ್ನೂ ಮಾರಿಪೋಸದ ಭಾರಿ ಸಿಕೋಯ ಮರಗಳ ತೋಪನ್ನೂ ಕ್ಯಾಲಿಫೋರ್ನಿಯ ರಾಜ್ಯದ ವಶಕ್ಕೆ ಕೊಟ್ಟು, ಅವು ಎಂದೆಂದಿಗೂ ಪರಭಾರೆಯಾಗದೆ ಸಾರ್ವಜನಿಕರ ವಿಹಾರಕ್ಕೆ ಮೀಸಲಾಗಿರಬೇಕೆಂದು ಅದು ವಿಧಿಸಿತು. ಯೆಲ್ಲೋಸ್ಟೋನ್ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವಾದದ್ದು ಇದಾದ ಎಂಟು ವರ್ಷಗಳ ಮೇಲೆ, 1872ರಲ್ಲಿ. ರಾಜನ ಬೇಟೆಗಲ್ಲ, ಶ್ರೀಮಂತನ ವಿಲಾಸಕ್ಕಲ್ಲ, ಜನಸಾಮಾನ್ಯರ ಕಣ್ಣಿಗಾಗಿ ಒಂದು ನಿಸರ್ಗಪ್ರದೇಶವನ್ನು ತೆಗೆದಿಡಬೇಕೆಂಬ ಭಾವನೆ ಶಾಸನದ ರೂಪ ತಾಳಿದ್ದು ಯೊಸೆಮಿಟಿಯಲ್ಲಿ.

ಆ ಕಣಿವೆಯ ಆಡಳಿತಕ್ಕಾಗಿ ನೇಮಕವಾದ ಮಂಡಲಿಯ ಮುಂದಾಳು ಫ್ರೆಡರಿಕ್ ಲಾ ಓಮ್‌ಸ್ಟೆಡ್. ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕ್‌ನ ವಿನ್ಯಾಸಕಾರರಲ್ಲಿ ಒಬ್ಬನಾದ ಈತ, ಆಗ ಹತ್ತಿರದ ಚಿನ್ನದ ಗಣಿಯೊಂದರ ವ್ಯವಸ್ಥಾಪಕನಾಗಿ ಬಂದಿದ್ದ. 1865ರ ಆಗಸ್ಟ್ ತಿಂಗಳಲ್ಲಿ ಕಣಿವೆಯಲ್ಲಿಯೇ ಸೇರಿದ ಸಭೆಯಲ್ಲಿ ಆತ ಒಂದು ವರದಿಯನ್ನು ಓದಿದ. ನನ್ನ ದೃಷ್ಟಿಯಲ್ಲಿ ಈ ವಿಷಯಕ್ಕೆ ಸಂಬಂಧಿಸಿದಂತೆ ಅದಕ್ಕಿಂತ ಮಿಗಿಲಾದ ಬರಹ ಆಮೇಲೆ ಬಂದಿಲ್ಲ. ಅದರ ಸಾರ ಹೀಗಿದೆ: ಹಳೆಯ ದೇಶಗಳಲ್ಲಿ ರಮ್ಯವಾದ ತಾಣಗಳನ್ನೆಲ್ಲ ಉಳ್ಳವರು ಬೇಲಿಕಟ್ಟಿ ತಮ್ಮದಾಗಿಸಿಕೊಂಡಿದ್ದಾರೆ. ಬಡವನಿಗೂ ದುಡಿಯುವವನಿಗೂ ಅಂಥ ನೋಟದ ಅಗತ್ಯ ಅಷ್ಟೇ ಇದೆ, ಬಹುಶಃ ಹೆಚ್ಚೇ ಇದೆ. ಆದುದರಿಂದ ಅದನ್ನು ಎಲ್ಲರಿಗೂ ದೊರಕುವಂತೆ ಕಾಪಾಡುವುದು ಪ್ರಜಾಪ್ರಭುತ್ವದ ಕೃಪೆಯಲ್ಲ, ಕರ್ತವ್ಯ.

ಇಷ್ಟಕ್ಕೇ ನಿಲ್ಲಿಸಿದ್ದರೆ ಓಮ್‌ಸ್ಟೆಡ್ ಒಬ್ಬ ಉದಾರವಾದಿಯೆನಿಸಿಕೊಳ್ಳುತ್ತಿದ್ದ, ಅಷ್ಟೆ. ಆದರೆ ಅವನು ಇನ್ನೊಂದು ಹೆಜ್ಜೆ ಮುಂದಿಟ್ಟ. ಈಗ ವರ್ಷಕ್ಕೆ ನೂರಾರು ಮಂದಿ ಬರುತ್ತಾರೆ. ಕೆಲವೇ ವರ್ಷಗಳಲ್ಲಿ ಅದು ಸಾವಿರಗಳಾಗುತ್ತದೆ. ಒಂದು ಶತಮಾನದಲ್ಲಿ ಹತ್ತು ಲಕ್ಷಗಳ ಲೆಕ್ಕದಲ್ಲಿ ಎಣಿಸಬೇಕಾಗುತ್ತದೆ ಎಂದ. ಒಬ್ಬ ಮಾಡುವ ಕಿಂಚಿತ್ ಹಾನಿಯನ್ನು ಆ ಸಂಖ್ಯೆಯಿಂದ ಗುಣಿಸಿ ನೋಡಬೇಕು ಎಂದ. ಇಂದಿನವರ ಅನುಕೂಲಕ್ಕಿಂತ ಮುಂದೆ ಹುಟ್ಟಲಿರುವ ಕೋಟ್ಯಂತರ ಜನರ ಹಕ್ಕು ದೊಡ್ಡದು, ಆದುದರಿಂದ ಕಟ್ಟಳೆಗಳನ್ನು ಮಾಡಬೇಕು, ಮಾಡಿ ಬಿಗಿಯಾಗಿ ನಡೆಸಬೇಕು ಎಂದ. ಕುದುರೆಯ ಮೇಲೆ ದಿನಗಟ್ಟಲೆ ಪಯಣಿಸಿ ಬೆರಳೆಣಿಕೆಯ ಜನ ಬರುತ್ತಿದ್ದ ಕಾಲದಲ್ಲಿ ಆಡಿದ ಮಾತು ಇದು. ವರದಿಯ ಗತಿ ಏನಾಯಿತೆಂದರೆ, ಮಂಡಲಿಯ ಕೆಲವರಿಗೆ ಅದು ಕೇಳಿದ ಹಣ ಹಿಡಿಸಲಿಲ್ಲ; ಅದು ಶಾಸನಸಭೆಯನ್ನು ತಲಪಲೇ ಇಲ್ಲ. 1952ರಲ್ಲಿ ಅದು ಮತ್ತೆ ಬೆಳಕಿಗೆ ಬಂದಿತು. ಅದಾದ ಎರಡೇ ವರ್ಷಗಳಲ್ಲಿ, 1954ರಲ್ಲಿ, ಯೊಸೆಮಿಟಿಗೆ ಒಂದು ವರ್ಷದಲ್ಲಿ ಬಂದವರ ಸಂಖ್ಯೆ ಮೊದಲ ಬಾರಿಗೆ ಹತ್ತು ಲಕ್ಷವನ್ನು ದಾಟಿತು. ಶತಮಾನ ತುಂಬುವ ಮೊದಲೇ ಅವನ ಗಣಿತ ಸರಿಬಂದಿತ್ತು.

ಈ ನಡುವೆ ನಡೆದದ್ದೇನು? ದಾರಿಗಳು ಬದಲಾದವು, ದಾರಿ ಬದಲಾದಂತೆ ಬರುವ ಜನವೂ ಬದಲಾದರು. 1890ರಲ್ಲಿ ಕಣಿವೆಯ ಸುತ್ತಲ ಎತ್ತರದ ಸೀಮೆ ರಾಷ್ಟ್ರೀಯ ಉದ್ಯಾನವಾಯಿತು. ಜಾನ್ ಮ್ಯೂರ್‌ನ ಲೇಖನಗಳ ಪಾತ್ರ ಅದರಲ್ಲಿ ದೊಡ್ಡದು. 1906ರಲ್ಲಿ ಕಣಿವೆಯೂ ಕೇಂದ್ರ ಸರ್ಕಾರಕ್ಕೆ ಮರಳಿತು. ಮರುವರ್ಷ ರೈಲುಮಾರ್ಗ ಉದ್ಯಾನದ ಅಂಚಿನವರೆಗೆ ಬಂದಿತು. ಅದೇ 1907ರಲ್ಲಿ ಮೋಟಾರು ಕಾರುಗಳ ಪ್ರವೇಶವನ್ನು ನಿಷೇಧಿಸಲಾಯಿತು. ಅವು ಕುದುರೆಗಳನ್ನು ಬೆದರಿಸುತ್ತವೆ, ಕಡಿದಾದ ದಾರಿಗಳಲ್ಲಿ ಅಪಾಯ ಎಂಬುದು ಆಗಿನ ಅಭಿಪ್ರಾಯ. 1912ರಲ್ಲಿ ಬ್ರಿಟನ್ನಿನ ರಾಯಭಾರಿ ಜೇಮ್ಸ್ ಬ್ರೈಸ್ ಭಾಷಣವೊಂದರಲ್ಲಿ, ಈ ಕಣಿವೆಗೆ ಕಾರನ್ನು ಬಿಡುವುದೆಂದರೆ ಈಡನ್ ತೋಟಕ್ಕೆ ಸರ್ಪವನ್ನು ಬಿಟ್ಟಂತೆ ಎಂಬರ್ಥದ ಎಚ್ಚರಿಕೆ ಕೊಟ್ಟ. ಆದರೆ ಮೋಟಾರು ಸಂಘಗಳ ಒತ್ತಾಯ ಬಲವಾಗಿತ್ತು. 1913ರಲ್ಲಿ ನಿಷೇಧ ತೆರವಾಯಿತು. ಆಗ ವಿಧಿಸಿದ ಕಟ್ಟುಪಾಡುಗಳು ಇಂದು ನಗೆ ತರಿಸುತ್ತವೆ. ಕಣಿವೆಗೆ ಬಂದ ಕಾರನ್ನು ಗೊತ್ತಾದ ಜಾಗದಲ್ಲಿ ನಿಲ್ಲಿಸಿ ಮರದ ದಿಮ್ಮಿಗೆ ಸರಪಳಿಯಿಂದ ಬಿಗಿಯಬೇಕಿತ್ತು, ನಮ್ಮಲ್ಲಿ ಮದವೇರಿದ ಆನೆಯನ್ನು ಕಟ್ಟುವಂತೆ. ಆದರೆ ಸರಪಳಿ ಬಹಳ ದಿನ ಉಳಿಯಲಿಲ್ಲ. ಮೂರೇ ವರ್ಷಗಳಲ್ಲಿ ರೈಲಿನಲ್ಲಿ ಬರುವವರಿಗಿಂತ ಕಾರಿನಲ್ಲಿ ಬರುವವರು ಹೆಚ್ಚಾದರು. 1926ರಲ್ಲಿ ವರ್ಷವಿಡೀ ತೆರೆದಿರುವ ಹೆದ್ದಾರಿಯೂ ಬಂದಿತು.

ಕಾರನ್ನು ಬರಿದೇ ಖಳನೆಂದು ಚಿತ್ರಿಸುವುದು ನ್ಯಾಯವಲ್ಲ. ರೈಲು ಮತ್ತು ವೈಭವದ ಹೋಟೆಲುಗಳ ಕಾಲದಲ್ಲಿ ಯೊಸೆಮಿಟಿ ಬಹುಮಟ್ಟಿಗೆ ಹಣವುಳ್ಳವರ ತಾಣ. ಗುಮಾಸ್ತನೂ ಶಾಲಾಮಾಸ್ತರನೂ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಗುಡಾರ ಹೂಡಿ, ಅಡಿಗೆ ಮಾಡಿಕೊಂಡು ನಾಲ್ಕು ದಿನ ಇರುವುದು ಸಾಧ್ಯವಾದದ್ದು ಕಾರಿನಿಂದ. ಓಮ್‌ಸ್ಟೆಡ್‌ನ ಮೊದಲ ಮಾತನ್ನು ಕಾರು ನಡೆಸಿಕೊಟ್ಟಿತು; ಎರಡನೆಯ ಮಾತನ್ನು ಮುರಿಯಿತು. 1916ರ ಆಗಸ್ಟ್ 25ರಂದು ರಾಷ್ಟ್ರೀಯ ಉದ್ಯಾನ ಸೇವೆಯನ್ನು ಸ್ಥಾಪಿಸಿದ ಶಾಸನದಲ್ಲಿಯೂ ಈ ದ್ವಂದ್ವ ಹುದುಗಿದೆ. ನಿಸರ್ಗವನ್ನು ಕಾಪಾಡಬೇಕು, ಜನರಿಗೆ ಅದರ ಸಂತೋಷವನ್ನು ಒದಗಿಸಬೇಕು, ಆದರೆ ಮುಂದಿನ ಪೀಳಿಗೆಗಳಿಗೆ ಅದು ಊನಗೊಳ್ಳದೆ ಉಳಿಯಬೇಕು ಎಂದು ಒಂದೇ ಉಸಿರಿನಲ್ಲಿ ಅದು ಹೇಳುತ್ತದೆ. ಮೊದಲ ನಿರ್ದೇಶಕ ಸ್ಟೀಫನ್ ಮೇದರ್, ಜನ ಬಂದು ನೋಡಿ ಮೆಚ್ಚದಿದ್ದರೆ ಉದ್ಯಾನಗಳಿಗೆ ದಿಕ್ಕಿಲ್ಲವೆಂದು ತಿಳಿದು, ರಸ್ತೆಗಳನ್ನು ಮಾಡಿಸಿ ಎಲ್ಲರನ್ನೂ ಕರೆದ. ಆ ಕಾಲಕ್ಕೆ ಅದು ಸರಿಯಾದ ನೀತಿಯೇ. ಕರೆದವರೆಲ್ಲ ಒಂದೇ ದಿನ ಬಂದರೆ ಏನು ಮಾಡಬೇಕೆಂಬ ಪ್ರಶ್ನೆ ಅವನ ಕಾಲಕ್ಕೆ ಅಷ್ಟು ಒತ್ತರಿಸಿ ಬಂದಿರಲಿಲ್ಲ.

ಬಂದಾಗ ಏನಾಯಿತೆಂಬುದಕ್ಕೆ ಎರಡು ನಿದರ್ಶನಗಳು ಸಾಕು. ಗ್ಲೇಸಿಯರ್ ಪಾಯಿಂಟ್ ಎಂಬ ಕೊಡುಗಲ್ಲಿನ ಮೇಲಿನಿಂದ ಬೇಸಿಗೆಯ ರಾತ್ರಿಗಳಲ್ಲಿ ಕೆಂಡದ ರಾಶಿಯನ್ನು ಕೆಳಕ್ಕೆ ತಳ್ಳುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಿಂದ ಬಂದಿತ್ತು. ಕತ್ತಲಲ್ಲಿ ಅದು ಬೆಂಕಿಯ ಜಲಪಾತದಂತೆ ತೋರುತ್ತಿತ್ತು. ಅದನ್ನು ನೋಡಲು ನೆರೆದ ಜನ ಹುಲ್ಲುಗಾವಲನ್ನು ತುಳಿದು ಹಾಳುಮಾಡುತ್ತಿದ್ದರು. 1968ರ ಜನವರಿಯಲ್ಲಿ ಉದ್ಯಾನ ಸೇವೆ ಅದನ್ನು ಶಾಶ್ವತವಾಗಿ ನಿಲ್ಲಿಸಿತು. ಎರಡು ವರ್ಷಗಳ ತರುವಾಯ, 1970ರ ಜುಲೈ 4ರ ಸ್ವಾತಂತ್ರ್ಯೋತ್ಸವದ ದಿನ, ಸ್ಟೋನ್‌ಮನ್ ಹುಲ್ಲುಗಾವಲಿನಲ್ಲಿ ಬೀಡುಬಿಟ್ಟ ತರುಣರನ್ನು ಚದುರಿಸಲು ಕುದುರೆಯೇರಿದ ರೇಂಜರುಗಳು ಬಂದರು. ಕೈಕೈ ಮಿಲಾಯಿಸಿತು, ಅನೇಕರು ಬಂಧಿತರಾದರು. ಶಾಂತಿಯನ್ನು ಅರಸಿ ಬರುವ ಸ್ಥಳದಲ್ಲಿ ಪೇಟೆಯ ಗಲಭೆ ನಡೆದುಹೋಯಿತು. ಅದೇ ವರ್ಷ ಕಣಿವೆಯ ಮೂಡಣ ಭಾಗದ ಕೆಲವು ರಸ್ತೆಗಳನ್ನು ಕಾರುಗಳಿಗೆ ಮುಚ್ಚಿ, ಪುಕ್ಕಟೆ ಬಸ್ಸುಗಳನ್ನು ಓಡಿಸಲು ಮೊದಲುಮಾಡಿದರು.

ಅಲ್ಲಿಂದ ಮುಂದಿನ ನಲವತ್ತು ವರ್ಷಗಳು ಎಲೆಗಳ ಲೆಕ್ಕ ಹಾಕುವುದರಲ್ಲಿ ಕಳೆದವು. ಪ್ರತಿಯೊಂದು ಉದ್ಯಾನವೂ ತಾನು ತಾಳಬಲ್ಲ ಜನಸಂಖ್ಯೆ ಎಷ್ಟೆಂಬುದನ್ನು ಗುರುತಿಸಬೇಕೆಂದು 1978ರ ಕಾಯಿದೆ ಹೇಳಿತು. 1980ರ ಯೊಸೆಮಿಟಿ ಯೋಜನೆ, ಕಟ್ಟಕಡೆಗೆ ಖಾಸಗಿ ಕಾರುಗಳನ್ನೆಲ್ಲ ಕಣಿವೆಯಿಂದ ಹೊರಹಾಕಬೇಕೆಂಬ ಗುರಿಯನ್ನಿಟ್ಟುಕೊಂಡಿತು. ಗುರಿ ಕಾಗದದಲ್ಲಿ ಉಳಿಯಿತು; ಕಾರುಗಳು ಕಣಿವೆಯಲ್ಲಿ ಉಳಿದವು. 1995ರ ಬೇಸಿಗೆಯಲ್ಲಿ ಜನ ತುಂಬಿ ಹಲವು ಸಲ ಬಾಗಿಲು ಹಾಕಬೇಕಾಯಿತು. ಮರ್ಸೆಡ್ ನದಿಯ ಸಂರಕ್ಷಣೆಯ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಎಷ್ಟು ಜನರನ್ನು ಬಿಡುವುದೆಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಖಚಿತವಾದ ಮಿತಿಯನ್ನು ಹೇಳಬೇಕೆಂಬುದು ಆ ವ್ಯಾಜ್ಯದಲ್ಲಿ ಹೊರಟ ತೀರ್ಪಿನ ತಾತ್ಪರ್ಯ. ಕೊನೆಗೆ 2014ರ ಯೋಜನೆಯಲ್ಲಿ ಕಣಿವೆಗೆ ದಿನಕ್ಕೆ 20,100 ಜನ ಎಂಬ ಅಂಕಿ ಬಂದಿತು. ಎರಡೇ ವರ್ಷಗಳಲ್ಲಿ, 2016ರಲ್ಲಿ, ಇಡೀ ಉದ್ಯಾನಕ್ಕೆ ಬಂದವರು 50 ಲಕ್ಷವನ್ನು ಮೀರಿದರು.

ಎಷ್ಟು ಜನ ಎಂಬುದು ಗೊತ್ತಾದ ಮೇಲೆ ಎದುರಾಗುವುದು ಯಾರು ಎಂಬ ಪ್ರಶ್ನೆ. ಇದರಲ್ಲಿ ಅಮೆರಿಕನ್ನರು ಪಡೆದ ಅನುಭವ ಬೋಧಪ್ರದವಾಗಿದೆ. ಗ್ರ್ಯಾಂಡ್ ಕ್ಯಾನ್ಯನ್‌ನ ಆಳದಲ್ಲಿ ಹರಿಯುವ ಕೊಲರಾಡೊ ನದಿಯಲ್ಲಿ ದೋಣಿಯಾನ ಮಾಡುವವರು 1972ರ ವೇಳೆಗೆ ವರ್ಷಕ್ಕೆ 16,000ವನ್ನು ಮೀರಿದಾಗ ಅಲ್ಲಿ ಮಿತಿಯನ್ನು ಹಾಕಿದರು. ಸ್ವಂತ ದೋಣಿಯಲ್ಲಿ ಹೋಗಬಯಸುವವರಿಗೆ ಸರದಿಯ ಪಟ್ಟಿ ಮಾಡಿದರು. ಪಟ್ಟಿ ಬೆಳೆಯಿತು. 2003ರಲ್ಲಿ ಹೊಸ ಹೆಸರು ಸೇರಿಸುವುದನ್ನು ನಿಲ್ಲಿಸುವ ಹೊತ್ತಿಗೆ, ಕೊನೆಯಲ್ಲಿದ್ದವನ ಸರದಿ ಬರಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾಗಿತ್ತು. ಯೌವನದಲ್ಲಿ ಹೆಸರು ಬರೆಸಿದವನಿಗೆ ಮೊಮ್ಮಕ್ಕಳ ಕಾಲದಲ್ಲಿ ಕರೆ ಬರುವಂಥ ಸರದಿ ಅದು. 2006ರಲ್ಲಿ ಅದರ ಸ್ಥಾನದಲ್ಲಿ ಲಾಟರಿ ಬಂದಿತು. ಯೊಸೆಮಿಟಿಯಲ್ಲಿಯೇ ಹಾಫ್ ಡೋಮ್ ಎಂಬ ಶಿಖರಕ್ಕೆ 1919ರಲ್ಲಿ ಹಾಕಿದ ಉಕ್ಕಿನ ಹಗ್ಗಗಳನ್ನು ಹಿಡಿದು ಹತ್ತುವವರು ಇರುವೆಯ ಸಾಲಾದಾಗ, 2010ರಲ್ಲಿ ಅನುಮತಿಚೀಟಿ ಬಂದಿತು. ಮುಂದೆ ದಿನಕ್ಕೆ ಸುಮಾರು 300 ಜನರೆಂದು ಗೊತ್ತುಮಾಡಿ ಅಲ್ಲಿಯೂ ಲಾಟರಿಯನ್ನೇ ತಂದರು. ಆದರೆ ಇವೆಲ್ಲ ಸಾಹಸಿಗಳ ದಾರಿಗಳು. ಹೆಬ್ಬಾಗಿಲಿಗೇ ಚೀಟಿ ಬೇಕೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆ ಧೈರ್ಯವನ್ನು ಕೊಟ್ಟದ್ದು ಒಂದು ಮಹಾಮಾರಿ. ಕೊರೊನಾ ಕಾಲದಲ್ಲಿ ಮುಚ್ಚಿದ ಯೊಸೆಮಿಟಿ 2020ರ ಜೂನ್‌ನಲ್ಲಿ ತೆರೆದಾಗ, ಹಗಲು ಬಂದು ಹೋಗುವವರೂ ಮುಂಗಡವಾಗಿ ಪ್ರವೇಶವನ್ನು ಕಾದಿರಿಸಬೇಕೆಂಬ ನಿಯಮ ಬಂದಿತು. ರೋಗಕ್ಕಾಗಿ ತಂದ ಔಷಧ ಸಂದಣಿಗೂ ನಾಟಿತು. 2021 ಮತ್ತು 2022ರ ಬೇಸಿಗೆಗಳಲ್ಲಿ ನಿಯಮ ಮುಂದುವರಿಯಿತು. 2023ರಲ್ಲಿ ಅದನ್ನು ತೆಗೆದರು; ದ್ವಾರಗಳಲ್ಲಿ ಮತ್ತೆ ಗಂಟೆಗಟ್ಟಲೆ ಕಾಯುವ ಕಾರುಗಳ ಸಾಲು ಕಂಡಿತು. 2024ರಲ್ಲಿ ನಿಬಿಡವಾದ ದಿನಗಳಿಗೂ ಹೊತ್ತಿಗೂ ಸೀಮಿತಗೊಳಿಸಿ ಮತ್ತೆ ತಂದರು. 2025ರಲ್ಲಿ ಅದರ ಅವಧಿಯನ್ನು ಇನ್ನಷ್ಟು ಕುಗ್ಗಿಸಿದರು. ಈ ತೂಗುಯ್ಯಾಲೆಯೇ ಸಮಸ್ಯೆ ಎಷ್ಟು ಸೂಕ್ಷ್ಮವೆಂಬುದನ್ನು ತೋರುತ್ತದೆ. ಇಷ್ಟರಲ್ಲಿ ರಾಕಿ ಮೌಂಟನ್ ಉದ್ಯಾನ 2020ರಲ್ಲಿ, ಗ್ಲೇಸಿಯರ್ ಉದ್ಯಾನ 2021ರಲ್ಲಿ, ಆರ್ಚಸ್ ಉದ್ಯಾನ 2022ರಲ್ಲಿ ಇಂಥದೇ ಪ್ರಯೋಗಗಳನ್ನು ಕೈಗೊಂಡಿದ್ದವು. ಹವಾಯಿಯ ಹಲೆಅಕಲಾ ಶಿಖರದಲ್ಲಿ ಸೂರ್ಯೋದಯ ನೋಡಲು 2017ರಲ್ಲಿಯೇ ಮುಂಗಡ ಚೀಟಿ ಬಂದಿತ್ತು. ಬೆಳಗಿನ ಸೂರ್ಯನಿಗೂ ಚೀಟಿಯೇ ಎಂದು ನಗಬಹುದು. ಚೀಟಿ ಸೂರ್ಯನಿಗಲ್ಲ, ಕಾರು ನಿಲ್ಲಿಸುವ ಜಾಗಕ್ಕೆ.

2022ರ ಬೇಸಿಗೆಯಲ್ಲಿ, ಕ್ಯಾಲಿಫೋರ್ನಿಯದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಈ ವ್ಯವಸ್ಥೆಯ ಒಳಗಿನಿಂದಲೇ ನಾನು ಕಣಿವೆಯನ್ನು ನೋಡಿದೆ. ಅಳಿಯಂದಿರು ಗೊತ್ತಾದ ದಿನ ಬೆಳಗಿನ ಎಂಟು ಗಂಟೆಗೆ ಸರಿಯಾಗಿ ಕಂಪ್ಯೂಟರಿನ ಮುಂದೆ ಕುಳಿತು ಚೀಟಿ ದೊರಕಿಸಿಕೊಂಡರು. ಅದಕ್ಕೆ ತಗಲಿದ ಹೆಚ್ಚುವರಿ ಶುಲ್ಕ ಎರಡು ಡಾಲರು. ಅದರ ಮಾನ್ಯತೆ ಮೂರು ದಿನ. ಕಣಿವೆಯಲ್ಲಿ ನಿಂತು ಜಲಪಾತದ ಸದ್ದನ್ನು ಕೇಳುವುದು ಸಾಧ್ಯವಾಯಿತು. ನನ್ನ ವಯಸ್ಸಿನವನಿಗೆ ಕೂರಲು ಒಂದು ಕಲ್ಲು ದೊರಕಿತು. ಅದಕ್ಕಾಗಿ ನಾನು ಆ ನಿಯಮಕ್ಕೆ ಕೃತಜ್ಞ. ಆದರೆ ಒಂದು ಯೋಚನೆ ನನ್ನನ್ನು ಬಿಡಲಿಲ್ಲ. ಬೆಳಗಿನ ಎಂಟು ಗಂಟೆಗೆ ತೋಟದಲ್ಲಿ ದ್ರಾಕ್ಷಿ ಕೀಳುವವನು, ಅಡಿಗೆಮನೆಯಲ್ಲಿ ತಟ್ಟೆ ತೊಳೆಯುವವನು, ಮುಂದಿನ ವಾರ ರಜೆ ಸಿಕ್ಕೀತೆಂಬ ಭರವಸೆಯಿಲ್ಲದವನು ಆ ಸರದಿಯಲ್ಲಿ ಎಲ್ಲಿ ನಿಂತಿದ್ದ? ರಸ್ತೆಯ ಮೇಲಿನ ಸರದಿಯಲ್ಲಿ ಎಲ್ಲರೂ ಕಾಣುತ್ತಾರೆ. ಕಂಪ್ಯೂಟರಿನ ಸರದಿಯಲ್ಲಿ ಹಿಂದೆ ಉಳಿದವನು ಯಾರ ಕಣ್ಣಿಗೂ ಬೀಳುವುದಿಲ್ಲ.

ಮುಂಗಡ ಚೀಟಿಯ ವಿರುದ್ಧ ಅಲ್ಲಿ ಎದ್ದ ಆಕ್ಷೇಪಗಳು ಹಲವು. ನೆರೆಯ ಊರುಗಳ ಹೋಟೆಲಿನವರಿಗೂ ಅಂಗಡಿಯವರಿಗೂ ವ್ಯಾಪಾರ ಕುಸಿಯುವ ಭಯ. ಸಾರ್ವಜನಿಕರ ಸ್ವತ್ತಿಗೆ ಸಾರ್ವಜನಿಕರನ್ನೇ ತಡೆಯುವುದೆಂತು ಎಂಬುದು ತತ್ತ್ವದ ಆಕ್ಷೇಪ. ಮನಸ್ಸು ಬಂದಾಗ ಹೊರಟುಬಿಡುವ ಸ್ವಾತಂತ್ರ್ಯ ಹೋಯಿತಲ್ಲ ಎಂಬುದು ಹೃದಯದ ಆಕ್ಷೇಪ. ಇವು ಯಾವುವೂ ತಳ್ಳಿಹಾಕುವಂಥವಲ್ಲ. ಆದರೆ ಬಾಗಿಲನ್ನು ತೆರೆದೇ ಬಿಟ್ಟರೆ ಸರದಿ ಇಲ್ಲದಂತಾಗುತ್ತದೆ ಎಂಬ ಭಾವನೆ ಮಾತ್ರ ಭ್ರಮೆ. ಆಗ ಸರದಿ ರಸ್ತೆಯ ಮೇಲೆ ನಿಲ್ಲುತ್ತದೆ, ಹುಲ್ಲಿನ ಮೇಲೆ ನಿಲ್ಲುತ್ತದೆ. ನಸುಕಿಗೇ ಹೊರಡಬಲ್ಲವನು ಗೆಲ್ಲುತ್ತಾನೆ, ದೂರದಿಂದ ಬಂದವನು ಮುಚ್ಚಿದ ಗೇಟನ್ನು ನೋಡಿ ಹಿಂದಿರುಗುತ್ತಾನೆ. ಶುಲ್ಕವನ್ನು ಏರಿಸಿದರೆ ಸರದಿ ಜೇಬಿನೊಳಗೆ ನಿಲ್ಲುತ್ತದೆ. ಓಮ್‌ಸ್ಟೆಡ್ ಕಂಡು ಮರುಗಿದ ಹಳೆಯ ಬೇಲಿ ಮತ್ತೆ ಎದ್ದಂತಾಗುತ್ತದೆ. ಜಾಗ ಕಿರಿದಾಗಿ ಜನ ಹಿರಿದಾದಲ್ಲಿ ಸರದಿಯನ್ನು ತಪ್ಪಿಸಲಾಗದು. ಅದು ಎಲ್ಲಿ ನಿಲ್ಲಬೇಕು, ಯಾರಿಗೆ ಹೊರೆಯಾಗಬೇಕು ಎಂಬುದನ್ನಷ್ಟೇ ನಾವು ಆಯ್ದುಕೊಳ್ಳಬಹುದು. ಇದು ಯಂತ್ರದ ಕೈಗೆ ಕೊಟ್ಟು ಮರೆಯುವ ವಿಷಯವಲ್ಲ. ಧರ್ಮದರ್ಶನದ ಸಾಲಿನಂತೆ, ಹಣವಿಲ್ಲದವನಿಗೂ ಯಂತ್ರ ಬಾರದವನಿಗೂ ಒಂದು ಪಾಲನ್ನು ತೆಗೆದಿಡಬೇಕಾದ ವಿಷಯ. ಬಸ್ಸಿನಲ್ಲಿ ಬಂದವನಿಗೆ ಚೀಟಿಯಿಲ್ಲದೆ ಪ್ರವೇಶ, ಸ್ವಲ್ಪ ಚೀಟಿಗಳು ಕೊನೆಯ ವಾರಕ್ಕೆ, ನಸುಕಿಗೂ ಸಂಜೆಗೂ ಬಾಗಿಲು ಮುಕ್ತ ಎಂಬಂಥ ಏರ್ಪಾಡುಗಳು ಯೊಸೆಮಿಟಿಯ ಪ್ರಯೋಗದಲ್ಲಿ ಸೇರಿಕೊಂಡದ್ದು ಈ ಎಚ್ಚರದಿಂದಲೇ ಎಂದು ತೋರುತ್ತದೆ. 2024ರಲ್ಲಿ ಚೀಟಿಯ ನಿಯಮವಿದ್ದೂ ಬಂದವರು 41 ಲಕ್ಷವನ್ನು ದಾಟಿದರು. ಜನರನ್ನು ಹಿಂದಟ್ಟುವುದಕ್ಕಿಂತ ಅವರನ್ನು ದಿನಗಳಿಗೂ ಗಂಟೆಗಳಿಗೂ ಹಂಚುವುದೇ ಅದರ ಮುಖ್ಯ ಕೆಲಸವಾಯಿತು.

ನಮ್ಮ ನಾಡಿಗೂ ಈ ಪ್ರಶ್ನೆ ಬಂದು ತಲಪಿದೆ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರ ಪರ್ವತವನ್ನು ಏರಲು ಸಾವಿರಾರು ಚಾರಣಿಗರು ಒಮ್ಮೆಲೆ ನೆರೆದರು. ಅರಣ್ಯ ಇಲಾಖೆ ಚಾರಣಗಳನ್ನು ಕೆಲಕಾಲ ತಡೆದು, ಅದೇ ವರ್ಷ ಆನ್‌ಲೈನ್ ಮೂಲಕ ಮುಂಗಡವಾಗಿ ಕಾದಿರಿಸುವ ಪದ್ಧತಿಯನ್ನು ತಂದಿತು. ದಾರಿಯೊಂದಕ್ಕೆ ದಿನಕ್ಕೆ 300 ಜನರ ಮಿತಿಯನ್ನು ಗೊತ್ತುಮಾಡಿತು. ಹಾಫ್ ಡೋಮ್‌ನ ಅಂಕಿಯೂ ಕುಮಾರ ಪರ್ವತದ ಅಂಕಿಯೂ ಒಂದೇ ಆದದ್ದು ಆಕಸ್ಮಿಕವಿರಬಹುದು. ಎರಡರ ಹಿಂದಿನ ಸಂಕಟ ಮಾತ್ರ ಒಂದೇ. ಅಷ್ಟೇ ಅಲ್ಲ. ನಾಗರಹೊಳೆಯ ಕಾಡಿನಿಂದ ಹೊರಹೋಗಬೇಕಾಗಿ ಬಂದ ಜೇನುಕುರುಬರಲ್ಲಿ ಕೆಲವು ಕುಟುಂಬಗಳು 2025ರ ಮೇ ತಿಂಗಳಲ್ಲಿ ತಮ್ಮ ಹಿರಿಯರ ಹಾಡಿಯಿದ್ದ ಜಾಗಕ್ಕೆ ಮರಳಿ ಬಂದು ಹಕ್ಕು ಕೇಳಿದವು. ಸಫಾರಿಗೆ ಚೀಟಿ ಕಾದಿರಿಸುವ ನಮ್ಮಂಥವರಿಗೆ ಇದು ಒಂದು ಕ್ಷಣ ನಿಂತು ಆಲೋಚಿಸಬೇಕಾದ ಸಂಗತಿ.

ಏಕೆಂದರೆ ಯೊಸೆಮಿಟಿಯಲ್ಲಿಯೂ ಕಥೆ 1851ಕ್ಕೆ ಮುಗಿಯಲಿಲ್ಲ. ಅವಾನೀಚಿಗಳಲ್ಲಿ ಕೆಲವರು ಮರಳಿ ಬಂದರು. ಹೋಟೆಲುಗಳಲ್ಲಿ ದುಡಿದು, ಬುಟ್ಟಿ ಹೆಣೆದು ಮಾರಿ, ತಮ್ಮ ಕಣಿವೆಯಲ್ಲಿಯೇ ಒಕ್ಕಲಿನವರಂತೆ ಬದುಕಿದರು. ಉದ್ಯಾನದ ನೌಕರಿ ಉಳ್ಳವರು ಮಾತ್ರ ಅಲ್ಲಿ ನೆಲಸಬಹುದೆಂಬ ನಿಯಮ ಇಪ್ಪತ್ತನೆಯ ಶತಮಾನದ ನಡುವೆ ಬಂದಿತು. 1969ರ ಹೊತ್ತಿಗೆ ಅವರ ಹಳ್ಳಿಯ ಕೊನೆಯ ಮನೆಗಳೂ ಇಲ್ಲವಾದವು. ಅದಾದ ಮರುವರ್ಷವೇ ಸ್ಟೋನ್‌ಮನ್ ಹುಲ್ಲುಗಾವಲಿನ ಗಲಭೆ. ಜನಸಂದಣಿ ಹೆಚ್ಚಾಯಿತೆಂದು ಪ್ರವಾಸಿಗಳಿಗೆ ಮಿತಿ ಹಾಕಲು ಅರ್ಧ ಶತಮಾನ ಚರ್ಚೆ ನಡೆಯಿತು. ಮನೆಮಂದಿಯನ್ನು ಹೊರಡಿಸುವಾಗ ಅಷ್ಟು ದೀರ್ಘವಾದ ಚರ್ಚೆ ನಡೆಯಲಿಲ್ಲ. ಈಚಿನ ವರ್ಷಗಳಲ್ಲಿ ಆ ಹಳೆಯ ಹಳ್ಳಿಯ ಜಾಗದಲ್ಲಿ ಅವರ ವಂಶಜರು ಸಾಂಪ್ರದಾಯಿಕ ಮನೆಗಳನ್ನು ಮತ್ತೆ ಕಟ್ಟುವ ಕೆಲಸಕ್ಕೆ ತೊಡಗಿದರು. ನ್ಯಾಯ ತಡವಾಗಿ ಬಂದರೂ ಬಂದಿತೆಂದು ಹೇಳುವಷ್ಟಲ್ಲ. ಆದರೆ ಬಾಗಿಲಿನ ಕೀಲು ಒಂದಿಷ್ಟು ಸಡಿಲಿದೆ ಎನ್ನಬಹುದು.

ಓಮ್‌ಸ್ಟೆಡ್‌ನ ವರದಿ ಸಕಾಲದಲ್ಲಿ ಶಾಸನಸಭೆಯನ್ನು ಮುಟ್ಟಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ಇತಿಹಾಸಕಾರನ ಕೆಲಸವಲ್ಲ. ಆದರೆ ಅವನು ಕೇಳಿದ ಪ್ರಶ್ನೆಯನ್ನು ಕೈಬಿಡದಿರುವುದು ನಮ್ಮ ಕೆಲಸ. ಒಂದು ಕಾಡನ್ನೋ ಬೆಟ್ಟವನ್ನೋ ಸಾರ್ವಜನಿಕರದು ಎಂದಾಗ ಆ ಸಾರ್ವಜನಿಕರಲ್ಲಿ ಯಾರು ಯಾರು ಸೇರಿದ್ದಾರೆ? ಇಂದು ಬಾಗಿಲಲ್ಲಿ ನಿಂತಿರುವ ನಾವು ಸೇರಿದ್ದೇವೆ. ಬರಲಾರದೆ ಮನೆಯಲ್ಲಿ ಉಳಿದವನೂ, ನಮಗಿಂತ ಮೊದಲು ಅಲ್ಲಿ ಒಲೆ ಹೂಡಿದ್ದವನೂ ಸೇರಿದ್ದಾರೆ. ಇನ್ನೂ ಹುಟ್ಟದವನೂ ಸೇರಿದ್ದಾನೆ. ಅವನಿಗೆ ಸರದಿಯಲ್ಲಿ ನಿಂತು ಕೂಗಲು ಬಾಯಿಲ್ಲ. ಈ ನಾಲ್ವರಲ್ಲಿ ಮೊದಲನೆಯವನೊಬ್ಬನ ಕೈಯಲ್ಲಿ ಮಾತ್ರ ಚೀಟಿ ಇದೆ. ಉಳಿದ ಮೂವರ ಪಾಲನ್ನು ಅವನು ನೆನೆದು ಒಳಗೆ ಕಾಲಿಟ್ಟರೆ, ಆ ಚೀಟಿ ಬರಿಯ ಕಾಗದವಾಗಿ ಉಳಿಯುವುದಿಲ್ಲ.